ನಕ್ಷೆ ಠಾಣೆಯಲ್ಲೇ ಇತ್ತು

ನಿಜಾಮರ ರಾಜ್ಯದಲ್ಲಿ ವಾರದ ರಜೆ ಶುಕ್ರವಾರ. ನಮ್ಮ ಸೀಮೆಯಲ್ಲಿ ಓದು ಬಲ್ಲ ಹತ್ತಿಪ್ಪತ್ತು ಮಂದಿಗೆ ಆ ದಿನ ಒಂದು ಕೆಲಸವಿರುತ್ತಿತ್ತು: ವಾಡಿಗೆ ಹೋಗಿ ಪೇಪರು ಓದುವುದು. ಚಿತ್ತಾಪುರದವರು ಬೆಳಗಿನ ರೈಲು ಹಿಡಿಯುತ್ತಿದ್ದರು. ಶಹಾಬಾದದ ಕಲ್ಲುಗಣಿಗಳ ಗುಮಾಸ್ತರು ಇನ್ನೊಂದು ದಿಕ್ಕಿನಿಂದ ಬರುತ್ತಿದ್ದರು. ಸುತ್ತಲಿನ ಹಳ್ಳಿಯವರು ಬುತ್ತಿ ಕಟ್ಟಿಕೊಂಡು ನಡೆದೇ ಬರುತ್ತಿದ್ದರು.

ಕಾರಣ ಇಷ್ಟೇ. ಮುಂಬೈಯಿಂದ ಮದ್ರಾಸಿಗೆ ಹೋಗುವ ದೊಡ್ಡ ಲೈನು ವಾಡಿಯ ಮೇಲೆ ಹಾದುಹೋಗುತ್ತದೆ. ಆ ಲೈನಿಗೆಂದು ಬಿಟ್ಟುಕೊಟ್ಟ ಜಾಗದಲ್ಲಿ ನಡೆಯುತ್ತಿದ್ದದ್ದು ಇಂಗ್ಲಿಷರ ಕಾಯ್ದೆ. ಎರಡೂ ಬದಿಯ ಹೊಲಗಳಲ್ಲಿ ನಿಜಾಮರ ಕಾಯ್ದೆ. ಸೊಲ್ಲಾಪುರ, ಹುಬ್ಬಳ್ಳಿ ಕಡೆಯಿಂದ ಬರುವ ಕೆಲವು ಪತ್ರಿಕೆಗಳಿಗೆ ರಾಜ್ಯದೊಳಗೆ ಪ್ರವೇಶವಿರಲಿಲ್ಲ. ರೈಲ್ವೆಯ ಹದ್ದಿನೊಳಗೆ ಇತ್ತು. ಒಂದೇ ಹಾಳೆ ಪ್ಲಾಟ್‌ಫಾರ್ಮಿನ ಮೇಲೆ ಪತ್ರಿಕೆ, ಜೋಳದ ಹೊಲಕ್ಕೆ ಕಾಲಿಟ್ಟರೆ ಗುನ್ಹೆ. ಹಾಗಾಗಿ ಜನ ಪ್ಲಾಟ್‌ಫಾರ್ಮಿನ ಚೀಟಿ ಕೊಂಡು ಒಳಗೆ ಹೋಗಿ ಕೂತು ಓದಿ, ಮಡಚಿ, ಬೆಂಚಿನ ಮೇಲೆಯೇ ಬಿಟ್ಟು ಮನೆಗೆ ಹೋಗುತ್ತಿದ್ದರು. ಯಾರೂ ಒಯ್ಯುತ್ತಿರಲಿಲ್ಲ. ಕಡಲೆ ಕಟ್ಟಿಕೊಳ್ಳಲೆಂದು ಒಂದು ತುಂಡು ಹರಿದುಕೊಂಡವರನ್ನೂ ನಾನು ಕಾಣೆ.

ನಾನಾಗ ಚಿತ್ತಾಪುರದಲ್ಲಿ ಒಬ್ಬ ವಕೀಲರ ಹತ್ತಿರ ಗುಮಾಸ್ತನಾಗಿದ್ದೆ. ವಯಸ್ಸು ಇಪ್ಪತ್ತೆಂಟು. ಉರ್ದು ಅಕ್ಷರ ಚೆನ್ನಾಗಿತ್ತು, ಅದೇ ನನ್ನ ಅನ್ನ. ಪತ್ರಿಕೆಯ ಕೆಲಸಕ್ಕೆ ಸೇರಿದ್ದು ಆಮೇಲೆ. ಅಲ್ಲಿ ಬಿದ್ದ ಅಭ್ಯಾಸದಂತೆ, ಈ ಬರಹದಲ್ಲಿ ನಾನು ಕಂಡದ್ದನ್ನು ಕಂಡದ್ದೆಂದೂ ಕೇಳಿದ್ದನ್ನು ಕೇಳಿದ್ದೆಂದೂ ಹೇಳುತ್ತೇನೆ. ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಸ್ವಲ್ಪ ಮುಂಚಿನ ಮಾತು.

ಬೇಸಿಗೆಯಲ್ಲಿ ಪ್ಲಾಟ್‌ಫಾರ್ಮಿನ ತಗಡಿನ ಕೆಳಗೆ ಕೂರಲು ಆಗುತ್ತಿರಲಿಲ್ಲ. ತಂತಿ ಬೇಲಿಯ ಹೊರಗೆ, ನೂರು ಹೆಜ್ಜೆ ದೂರದಲ್ಲಿ ಒಂದು ಬೇವಿನ ಮರ, ಅದರ ಸುತ್ತ ಹಾಸುಗಲ್ಲಿನ ಕಟ್ಟೆ. ನಾವು ಅಲ್ಲಿಗೆ ಹೋಗುತ್ತಿದ್ದೆವು. ಬೇಲಿಯ ಹೊರಗಾದರೂ ಅದು ರೈಲ್ವೆಯ ಜಾಗವೇ. ಮರದಿಂದಾಚೆ ನಿಂತಿದ್ದ ಒಂದು ಮೊಳಕಾಲೆತ್ತರದ ಕಲ್ಲಿನವರೆಗೆ ಹದ್ದು ಎಂದು ಹಳಿ ಕಾಯುವ ಮುದುಕರು ಹೇಳುತ್ತಿದ್ದರು. ಅವರ ಅಪ್ಪಂದಿರು ಆ ಕಲ್ಲು ನೆಟ್ಟವರು. ಎಲ್ಲರಿಗೂ ಗೊತ್ತಿದ್ದ ವಿಷಯವಾದ್ದರಿಂದ ಯಾರೂ ಅದರ ಬಗ್ಗೆ ಯೋಚಿಸುತ್ತಿರಲಿಲ್ಲ.

ಕಟ್ಟೆಯ ಮೇಲೆ ಕೂತು ಓದುತ್ತಿದ್ದವರು ಒಬ್ಬ ಮಾಸ್ತರರು. ವಾಡಿಯಿಂದ ಎರಡು ಹರದಾರಿ ದೂರದ ಹಳ್ಳಿಯಲ್ಲಿ ಸರಕಾರಿ ಶಾಲೆ ನಡೆಸುತ್ತಿದ್ದರು. ಆ ಶಾಲೆಗೆ ಅವರೊಬ್ಬರೇ ಮಾಸ್ತರರು. ಕಲ್ಲು ಒಡೆಯುವವರು, ಹಮಾಲರು, ಓದು ಬಾರದ ರೈತರು ಅವರ ಓದು ಕೇಳಲೆಂದೇ ಕೂರುತ್ತಿದ್ದರು. ಅವರು ಶಾಲೆಯಲ್ಲಿ ಓದುವ ಹಾಗೆಯೇ ಓದುತ್ತಿದ್ದರು, ವಾಕ್ಯ ಮುಗಿದಲ್ಲಿ ನಿಂತು. ಒಂದು ಸುದ್ದಿ ಮುಗಿದ ಮೇಲೆ, "ಏನ್ ತಿಳೀತು, ಹೇಳ್ರಿ" ಎಂದು ಕೇಳುತ್ತಿದ್ದರು. ಅರವತ್ತು ದಾಟಿದವರೂ ಹುಡುಗರಂತೆ ಉತ್ತರ ಕೊಡುತ್ತಿದ್ದರು; ತಪ್ಪು ಹೇಳಿದವರನ್ನು ಉಳಿದವರು ನಗೆಯಾಡುತ್ತಿದ್ದರು.

ಆ ಬೇಸಿಗೆಯಲ್ಲಿ ಆ ಸೀಮೆಯ ಠಾಣೆಗೆ ಹೊಸ ಅಮೀನರು ಬಂದರು. ಠಾಣೆಯ ಮುಖ್ಯಸ್ಥನನ್ನು ಆಗ ಅಮೀನ ಎನ್ನುತ್ತಿದ್ದರು. ಇವರು ಬೀದರ ಕಡೆಯವರು, ನಮ್ಮ ಹಾಗೆಯೇ ಕನ್ನಡ ಆಡುತ್ತಿದ್ದರು. ಲಂಚ ಮುಟ್ಟುವವರಲ್ಲ ಎಂದು ಬರುವ ಮೊದಲೇ ಸುದ್ದಿ ಬಂದಿತ್ತು. ಬಂದ ಮೇಲೆ ಅದು ನಿಜವೂ ಆಯಿತು. ರೈಲು ಲೈನು ಇರುವ ಊರಿನಲ್ಲಿ ಅವರು ಕೆಲಸ ಮಾಡಿದ್ದು ಅದೇ ಮೊದಲು.

ಒಂದು ಶುಕ್ರವಾರ ಮಧ್ಯಾಹ್ನ ಅವರು ಒಬ್ಬ ಜವಾನನನ್ನು, ಅಂದರೆ ಪೊಲೀಸ್ ಪೇದೆಯನ್ನು, ಕರೆದುಕೊಂಡು ಮರದ ಹತ್ತಿರ ಬಂದರು. ನಾನು ಮಾಸ್ತರರ ಎಡಕ್ಕೆ ಕೂತಿದ್ದೆ. ಅಮೀನರು ಕೂಗಾಡಲಿಲ್ಲ. ಓದುತ್ತಿದ್ದ ಸುದ್ದಿ ಮುಗಿಯುವವರೆಗೆ ಕಾದರು. ಆಮೇಲೆ ಕೈ ಚಾಚಿದರು.

"ಮಾಸ್ತರ್ರ, ಆ ಕಾಗದ ಇತ್ತ ಕೊಡ್ರಿ. ನನ್ನ ಕೂಡ ಠಾಣಾಕ್ಕ ಬರ್ರಿ."

ಮಾಸ್ತರರು ಎದ್ದು ನಿಂತರು. "ಇದು ರೈಲ್ವೆ ಹದ್ದು ಅದ ಸಾಹೇಬ್ರ. ಇಲ್ಲಿ ಓದಬಹುದು."

ಅಮೀನರು ತಂತಿ ಬೇಲಿ ತೋರಿಸಿದರು. "ಹದ್ದು ಅಲ್ಲಿಗೆ ಮುಗೀತು. ತಂತಿ ಈಚೆ ನಂದು."

"ಇಲ್ರಿ, ಆ ಕಲ್ಲಿನ ತನಕ ಅದ." ಮಾಸ್ತರರು ಬೆರಳು ಮಾಡಿ ತೋರಿಸಿದರು. "ಬೇಕಾದ್ರ ಕಲ್ಲ ನೋಡ್ರಿ."

ಅಮೀನರು ನೋಡಿದರು. ಅವರು ಕಂಡದ್ದು ಎಣ್ಣೆ ಕುಡಿದು ಕಪ್ಪಾದ ಒಂದು ಕಲ್ಲು. ಅದರ ನೆತ್ತಿಗೆ ಕುಂಕುಮ, ಕೊರಳಿಗೆ ಹಸಿರು ಖಣ, ಮುಂದೆ ಬಳೆ ಚೂರು, ಒಣಗಿದ ನಿಂಬೆಹಣ್ಣು. ಹಳಿಯ ಕೆಲಸದವರ ಹೆಂಗಸರು ಬಹಳ ವರ್ಷಗಳಿಂದ ಅದನ್ನು ಮರಗವ್ವನೆಂದು ಪೂಜಿಸುತ್ತಿದ್ದರು. ರೈಲಿನ ಕೆಲಸಕ್ಕೆ ಹೋದ ಗಂಡ ಸುಸೂತ್ರ ಬರಲೆಂದು ಹರಕೆ ಹೊರುವುದು ಅದಕ್ಕೆ. ನಮ್ಮ ಕಣ್ಣಿಗೆ ಅದು ಎರಡೂ ಆಗಿತ್ತು: ಹದ್ದಿನ ಕಲ್ಲೂ ಹೌದು, ಅವ್ವನೂ ಹೌದು. ಹೊಸಬರಾದ ಅಮೀನರಿಗೆ ಕಂಡದ್ದು ಅವ್ವ ಮಾತ್ರ. ಮಾಸ್ತರರು ದೇವರ ಕಡೆ ಕೈ ಮಾಡಿ ಆಣೆ ಇಡುತ್ತಿದ್ದಾರೆ ಎಂದು ಅವರು ತಿಳಿದರು.

"ದೇವರ ಆಣಿ ನನ್ನ ಮುಂದ ಹಾಕಬ್ಯಾಡ್ರಿ," ಎಂದರು. ದನಿಯಲ್ಲಿ ಸಿಟ್ಟಿಗಿಂತ ಬೇಸರವಿತ್ತು. "ನೀವು ಓದಿದವರು. ಅವ್ವನ್ನ ಇಂಥಾದ್ದರಾಗ ಎಳೀಬಾರದು."

ಹತ್ತಿರ ಹೋಗಿ ನೋಡಿದ್ದರೆ ಆಗುತ್ತಿತ್ತು. ಹೋಗಲಿಲ್ಲ. ಕಾಲಲ್ಲಿ ಬೂಟಿದ್ದವು, ಬೂಟು ಹಾಕಿಕೊಂಡು ಬೇರೆಯವರ ದೇವರ ಹತ್ತಿರ ಹೋಗಬಾರದೆಂಬ ಮರ್ಯಾದೆ ಅವರಿಗಿತ್ತು. ಇದನ್ನು ಆಮೇಲೆ ಅವರೇ ನನಗೆ ಹೇಳಿದರು. ಜವಾನ ಆ ಊರಿನವನೇ. ಅವನು ನೆಲ ನೋಡುತ್ತ ನಿಂತಿದ್ದ. ಕಟ್ಟೆಯ ಮೇಲಿದ್ದ ಏಳೆಂಟು ಮಂದಿಯಲ್ಲಿ ಯಾರೂ ಬಾಯಿ ತೆಗೆಯಲಿಲ್ಲ. ನಾನೂ ತೆಗೆಯಲಿಲ್ಲ. ಅಲ್ಲಿದ್ದವರಲ್ಲಿ ಕಾಯ್ದೆಯ ಮಾತು ಆಡಬೇಕಾದವನು ವಕೀಲರ ಗುಮಾಸ್ತನಾದ ನಾನೇ. ಮಾಸ್ತರರು ರುಮಾಲು ಸರಿಮಾಡಿಕೊಂಡು ಅವರ ಹಿಂದೆ ನಡೆದರು.

ಜಾಮೀನು ಕೊಡಬೇಕಾದ ನ್ಯಾಯಾಧೀಶರು, ಅಂದರೆ ಮುನ್ಸಿಫರು, ಆಗ ರಜೆಯ ಮೇಲಿದ್ದರು. ಹೀಗಾಗಿ ಮಾಸ್ತರರು ಠಾಣೆಯ ಹವಾಲತ್ತಿನಲ್ಲಿ ಒಂಬತ್ತು ದಿನ ಕಳೆಯಬೇಕಾಯಿತು. ಹತ್ತನೆಯ ದಿನ ಜಾಮೀನಿನ ಮೇಲೆ ಹೊರಬರುವಷ್ಟರಲ್ಲಿ ಶಿಕ್ಷಣ ಇಲಾಖೆಯ ಹುಕುಂ ಮನೆಗೆ ತಲುಪಿತ್ತು: ಮುಂದಿನ ಆದೇಶದವರೆಗೆ ಕೆಲಸದಿಂದ ದೂರ. ಶಾಲೆಯ ಬಾಗಿಲಿಗೆ ಬೀಗ ಬಿತ್ತು. ಮನೆಯ ಪಡಸಾಲೆಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಕಲಿಸೋಣವೆಂದರೆ ಖಾಸಗಿ ಶಾಲೆಗೆ ಬೇರೆ ಪರವಾನಗಿ ಬೇಕು. ಇಂಥವರಿಗೆ ಅದು ಸಿಗುವುದಿಲ್ಲ. ಹದಿನಾರು ವರ್ಷ ದಿನಾ ಗಟ್ಟಿಯಾಗಿ ಓದಿದ ಮನುಷ್ಯ ಮನೆಗೆ ಬಂದ ಕಾಗದವನ್ನೂ ಮನಸ್ಸಿನಲ್ಲೇ ಓದಿಕೊಳ್ಳತೊಡಗಿದರು. ಇದನ್ನು ನನಗೆ ಹೇಳಿದವರು ಅವರ ಹೆಂಡತಿ.

ಪ್ರಕರಣವನ್ನು ನಮ್ಮ ವಕೀಲರೇ ಹಿಡಿದರು. ಅವರ ವಾದ ಒಂದೇ: ಓದಿದ್ದು ಹೌದು, ಆದರೆ ಓದಿದ ಜಾಗದಲ್ಲಿ ಅಮೀನರಿಗೆ ಅಧಿಕಾರವಿಲ್ಲ. ಪೊಲೀಸರ ಕಡೆಯವರು ಬೇಲಿಯೇ ಹದ್ದು ಎಂದರು. ಮುನ್ಸಿಫರು ಎರಡೂ ಕಡೆಯವರನ್ನು ಕರೆದುಕೊಂಡು ಜಾಗ ನೋಡಲು ವಾಡಿಗೆ ಬಂದರು.

ಕಲ್ಲಿನ ಮುಂದೆ ಎಲ್ಲರೂ ನಿಂತೆವು. ಎಣ್ಣೆ, ಕುಂಕುಮ ಗಟ್ಟಿಯಾಗಿ ಕೂತು ಕಲ್ಲಿನ ಮೈ ಕಾಣುತ್ತಿರಲಿಲ್ಲ. ಒರೆಸಿ ನೋಡಿ ಎಂದು ಮುನ್ಸಿಫರು ಹೇಳಿದರು. ಅವರ ಚಪರಾಸಿ ಮುಂದೆ ಹೋಗಲಿಲ್ಲ, ನಮ್ಮ ವಕೀಲರೂ ಹೋಗಲಿಲ್ಲ. ಕಡೆಗೆ ಅವ್ವನ ಪೂಜೆ ಮಾಡುವ ಮುದುಕಿಯನ್ನು ಕರೆಸಿದರು. ಹಳಿ ಕಾಯುವವನೊಬ್ಬನ ತಾಯಿ ಅವಳು. ಸೊಂಟದ ಮೇಲೆ ಕೈ ಇಟ್ಟು ಎಲ್ಲರನ್ನೂ ಒಮ್ಮೆ ನೋಡಿದಳು.

"ಆಕೀಗಿ ನೀರ ಹಾಕೂದು ಮಂಗಳವಾರ. ಇವತ್ತ ಬುಧವಾರ ಅದ."

ಇದು ಕೋರ್ಟಿನ ಕೆಲಸ ಅಜ್ಜಿ, ಅವ್ವನ ಸಾಕ್ಷಿ ಬೇಕಾಗಿದೆ ಎಂದು ವಕೀಲರು ತಿಳಿಹೇಳಿದರು.

"ಸಾಕ್ಷಿಗಿ ಕರೀತೀರಿ ಅಂದ್ರ ಹಿಂಗ ಎಣ್ಣಿ ಮೈಯಾಗ ಕರೀತೀರೇನು? ತಡೀರಿ, ಎರದು ತರ್ತೀನಿ" ಎಂದಳು.

ಹುಣಸೆಹಣ್ಣು ತಂದಳು, ಎರಡು ಕೊಡ ನೀರು ತಂದಳು. ಖಣ ಬಿಚ್ಚಿ ಮಡಚಿಟ್ಟಳು. ಗಂಡಸರು ಅತ್ತ ತಿರುಗಿ ನಿಲ್ಲಿರಿ ಎಂದಳು. ಮುನ್ಸಿಫರೂ ಸೇರಿ ನಾವೆಲ್ಲ ಬೆನ್ನು ತಿರುಗಿಸಿ ಹಳಿಯ ಕಡೆ ನೋಡುತ್ತ ನಿಂತೆವು. ತಿಕ್ಕುವ ಸಪ್ಪಳ ಬಹಳ ಹೊತ್ತು ಕೇಳಿಸಿತು. ಆಗಾಗ ಅವ್ವನಿಗೆ ಏನೋ ಸಮಾಧಾನ ಹೇಳುತ್ತಿದ್ದಳು. ಕರೆದಾಗ ತಿರುಗಿ ನೋಡಿದರೆ ತೊಳೆದ ಕಲ್ಲಿನ ಮೈಮೇಲೆ ಉಳಿಯಿಂದ ಕಡೆದ ರೈಲ್ವೆಯ ಗುರುತು, ಅದರ ಕೆಳಗೆ ಒಂದು ಅಂಕಿ ಸ್ಪಷ್ಟವಾಗಿದ್ದವು.

ಅಮೀನರು ಸ್ವಲ್ಪ ದೂರದಲ್ಲಿದ್ದರು. ಬೂಟು ಕಳಚಿಟ್ಟು, ಬರಿಗಾಲಲ್ಲಿ ಬಂದು, ಕುಕ್ಕರುಗಾಲಲ್ಲಿ ಕೂತು ಆ ಗುರುತನ್ನು ನೋಡಿದರು. ಎದ್ದು, ಅಂದು ತಮ್ಮ ಜೊತೆ ಬಂದಿದ್ದ ಜವಾನನ ಕಡೆ ತಿರುಗಿದರು.

"ನಿನಗ ಗೊತ್ತಿತ್ತೇನು?"

"ಗೊತ್ತಿತ್ರಿ ಸಾಬ್."

"ಮತ್ತ ಯಾಕ ಹೇಳಲಿಲ್ಲ?"

"ನೀವು ಕೇಳಲಿಲ್ರಿ. ಹಿಂದಿನ ಅಮೀನ ಸಾಹೇಬ್ರಿಗಿ ಕೇಳಲಾರದಽ ಒಂದ್ ಮಾತ ಹೇಳಿದ್ದೆ. ಒಂದ್ ವಾರ ಕುದುರಿ ಲಾಯ ತೊಳಸಿದ್ರು."



ಮುನ್ಸಿಫರು ಠಾಣೆಯ ನಕ್ಷೆ ತರಿಸಿದರು. ಅದು ಠಾಣೆಯ ಬೀರುವಿನಲ್ಲೇ ಒಂದು ತಗಡಿನ ಕೊಳವೆಯೊಳಗಿತ್ತು. ಅದರಲ್ಲಿ ರೈಲ್ವೆಯ ಜಾಗಕ್ಕೆ ಕೆಂಪು ಗೆರೆ ಹಾಕಿತ್ತು. ಗೆರೆ ಬೇಲಿಯನ್ನು ದಾಟಿ, ಮರವನ್ನು ಒಳಗೆ ಹಾಕಿಕೊಂಡು, ಆ ಕಲ್ಲಿನ ಮೇಲೆ ಹೋಗಿತ್ತು. ಅಮೀನರು ಅಧಿಕಾರ ವಹಿಸಿಕೊಂಡ ದಿನ ಒಪ್ಪಿಸಿಕೊಂಡ ವಸ್ತುಗಳ ಪಟ್ಟಿಯಲ್ಲಿ ಆ ನಕ್ಷೆಯೂ ಇತ್ತು. ಕೆಳಗೆ ಅವರ ಸಹಿ.

ಮಾಸ್ತರರು ಬಿಡುಗಡೆಯಾದರು. ತೀರ್ಪನ್ನು ನಕಲು ಮಾಡಿದವನು ನಾನು. ಅದರ ಕೊನೆಯಲ್ಲಿ ಒಂದು ವಾಕ್ಯವಿತ್ತು: ಅಮೀನರು ಸದ್ಭಾವದಿಂದ ನಡೆದುಕೊಂಡಿದ್ದಾರೆ, ಅವರ ನಡತೆಯಲ್ಲಿ ದೋಷವಿಲ್ಲ. ಬರೆಯುವಾಗ ಅದು ಒಳ್ಳೆಯ ವಾಕ್ಯವೆಂದೇ ನನಗೆ ಅನಿಸಿತು. ನಿಜವನ್ನೇ ಹೇಳುತ್ತಿತ್ತು, ಯಾರಿಗೂ ನೋವು ಮಾಡುವಂತಿರಲಿಲ್ಲ.

ಆ ವಾಕ್ಯವೇ ಮಾಸ್ತರರಿಗೆ ಅಡ್ಡ ಬಂತು. ತೀರ್ಪಿನ ನಕಲು ಹಿಡಿದು ಶಾಲೆಗಳ ಇನ್ಸ್‌ಪೆಕ್ಟರರ ಹತ್ತಿರ ಹೋದೆವು. ಅವರು ಸಾವಕಾಶ ಓದಿ, ಆ ಸಾಲಿನ ಮೇಲೆ ಬೆರಳಿಟ್ಟರು. ಪೊಲೀಸರದು ತಪ್ಪಿಲ್ಲ ಎಂದು ಕೋರ್ಟೇ ಹೇಳಿದೆ. ಹಾಗಾದರೆ ಹಿಡಿದದ್ದು ಸರಿ. ಹಿಡಿದದ್ದು ಸರಿಯಾದರೆ ಮಾಸ್ತರರು ಬಿಡುಗಡೆಯಾದದ್ದು ಜಾಗದ ತಕರಾರಿನಿಂದ, ನಿರ್ದೋಷಿ ಎಂದಲ್ಲ. ಅಂಥವರನ್ನು ಮಕ್ಕಳ ಮುಂದೆ ನಿಲ್ಲಿಸಲು ಬರುವುದಿಲ್ಲ. ಹಿಡಿದದ್ದೇ ತಪ್ಪು ಎಂದು ಪೊಲೀಸರ ಕಡೆಯಿಂದ ಒಂದು ಸಾಲು ಬರೆಸಿಕೊಂಡು ಬಂದರೆ ನೋಡೋಣ. ಅವರು ಕೆಟ್ಟ ಮನುಷ್ಯರೇನಲ್ಲ. ಅವರ ತರ್ಕದಲ್ಲಿ ನನಗೆ ಬಿರುಕು ಸಿಗಲಿಲ್ಲ. ಎಲ್ಲಿಯೋ ಒಂದು ತಪ್ಪು ನಡೆದಿತ್ತು. ಅದನ್ನು ಯಾರ ಹೆಸರಿನಲ್ಲೂ ಬರೆಯದೆ ಬಿಟ್ಟಿದ್ದರಿಂದ ಅದು ಮಾಸ್ತರರ ಹೆಸರಿನಲ್ಲೇ ಉಳಿದುಕೊಂಡಿತ್ತು.

ಜಿಲ್ಲೆಯ ಪೊಲೀಸ್ ಮೇಲಧಿಕಾರಿಗಳಿಗೆ ವಕೀಲರು ಎರಡು ಅರ್ಜಿ ಕಳಿಸಿದರು. ಉತ್ತರ ಬರಲಿಲ್ಲ. ಅವರ ಕಚೇರಿಯ ಗುಮಾಸ್ತರೊಬ್ಬರು ನನ್ನ ಪರಿಚಯದವರು. ಒಬ್ಬ ಅಮೀನನದು ತಪ್ಪೆಂದು ಬರೆದುಕೊಟ್ಟರೆ ನಾಳೆ ಹಿಡಿಸಿಕೊಂಡವರೆಲ್ಲ ಅರ್ಜಿ ಹಿಡಿದು ಬರುತ್ತಾರೆಂದು ಸಾಹೇಬರು ಹೇಳಿದ್ದಾಗಿ ತಿಳಿಸಿದರು. ಇದು ಕೇಳಿದ್ದು. ಹೀಗೆ ಮಳೆಗಾಲ ಮುಗಿಯಿತು. ಶಾಲೆ ಆರು ತಿಂಗಳಿಂದ ಮುಚ್ಚಿತ್ತು. ಆ ಜಾಗಕ್ಕೆ ಬೇರೆಯವರನ್ನು ಹಾಕುವ ಕಾಗದ ತಯಾರಾಗುತ್ತಿದೆ ಎಂಬ ಸುದ್ದಿ ಬಂತು. ಹಾಗಾದರೆ ಮಾಸ್ತರರು ಮತ್ತೆ ಒಳಗೆ ಬರುವ ದಾರಿ ಇರಲಿಲ್ಲ.

ಆ ಒಂದು ಸಾಲು ಬರೆದುಕೊಡಬಲ್ಲವರೆಂದು ಉಳಿದದ್ದು ಅಮೀನರು ಮಾತ್ರ. ಅವರಿಗೆ ಅಷ್ಟರಲ್ಲಿ ವರ್ಗವಾಗಿತ್ತು, ಚಿಂಚೋಳಿಯಾಚೆ ಕುಂಚಾವರಂ ಕಾಡಿನ ಕಡೆಯ ಒಂದು ಚೌಕಿಗೆ. ಅದು ಶಿಕ್ಷೆಯಲ್ಲ, ವಾಡಿಕೆಯ ವರ್ಗ. ಬಡ್ತಿಯ ಪಟ್ಟಿಯಲ್ಲಿ ಅವರ ಹೆಸರು ಮೇಲಿದೆ ಎಂದೂ ಕೇಳಿದ್ದೆವು. ವಕೀಲರು ನನ್ನನ್ನು ಕರೆದು, "ಗುಮಾಸ್ತ್ರ, ಮಾಸ್ತರ್ರನ್ನ ಕರಕೊಂಡು ಹೋಗ್ರಿ. ಕೊಟ್ರ ಕೊಡ್ತಾರ. ಕೊಡಲಾಕ ಅವರಿಗೇನು ಕಾರಣ ಅದ ಅಂತ ನನಗಂತೂ ತಿಳೀವಲ್ದು" ಎಂದರು.

ಸೇಡಂವರೆಗೆ ರೈಲು, ಅಲ್ಲಿಂದ ಚಿಂಚೋಳಿಗೆ ಮೋಟಾರು, ಮುಂದೆ ಬಂಡಿ.  ಕಾಡಿನ ಅಂಚು ಸಿಕ್ಕ ಮೇಲೆ ಬಂಡಿಯವನ ತೆಲುಗು ಬೆರೆತ ಕನ್ನಡ ಕೇಳಿ ಮಾಸ್ತರರು ಅವನಿಂದ ಎರಡು ಮೂರು ಪದಗಳ ಅರ್ಥ ತಿಳಿದುಕೊಂಡರು.

ಅಮೀನರು ಚೌಕಿಯ ಮುಂದಿನ ಚಪ್ಪರದ ಕೆಳಗೆ ಕೂತಿದ್ದರು. ನಮ್ಮನ್ನು ಕಂಡು ಎದ್ದು ನಿಂತರು. "ಬರ್ರಿ ಮಾಸ್ತರ್ರ, ಕುಂದ್ರಿ" ಎಂದು ತಾವೇ ಕುರ್ಚಿ ಎಳೆದುಕೊಟ್ಟರು. ಚಹಾ ತರಿಸಿದರು. ಬೂಟಿನ ವಿಷಯ ಅವರು ಹೇಳಿದ್ದು ಆಗಲೇ. ಮಾಸ್ತರರು ಬಂದ ಕಾರಣವನ್ನು ನಾಲ್ಕು ಮಾತಿನಲ್ಲಿ ಹೇಳಿದರು: ಕೆಲಸ ಹೋಗುತ್ತಿದೆ, ನಿಮ್ಮದೊಂದು ಸಾಲು ಬೇಕು.

ಅಮೀನರು ಚಹಾದ ಬಟ್ಟಲನ್ನು ಕೆಳಗಿಟ್ಟರು.

"ನಾ ಸುಳ್ಳ ಖಟ್ಲೆ ಹಾಕಲಿಲ್ಲ ಮಾಸ್ತರ್ರ. ಯಾರ ಮಾತ ಕೇಳಿನೂ ಬಂದಿದ್ದಿಲ್ಲ. ತಪ್ಪ ತಿಳಕೊಂಡೆ, ಅಷ್ಟೇ. ತಪ್ಪ ತಿಳಕೊಂಡದ್ದಕ್ಕೆಲ್ಲ ಹೊಣಿ ಹೊರಿಸಿದ್ರ ನಾಳಿ ಯಾವ ಅಮೀನ ಕೆಲಸ ಮಾಡತಾನ? ಕಳ್ಳನ್ನ ಹಿಡಿಯೂದಕ್ಕೂ ಮೊದಲ ವಕೀಲನ್ನ ಕೇಳಬೇಕಾಗತದ."

"ಖರೆ ಅದ" ಎಂದರು ಮಾಸ್ತರರು.

ಇವರು ಒಪ್ಪಿಬಿಟ್ಟರಲ್ಲ ಎಂದು ನನಗೆ ಗಾಬರಿಯಾಯಿತು. ಮಾಸ್ತರರು ಮುಂದುವರಿಸಿದರು.

"ನಮ್ಮ ಸಾಲ್ಯಾಗ ಹುಡುಗ ಲೆಕ್ಕ ತಪ್ಪಿದ್ರ ನಾ ಬಡಿಯೂದಿಲ್ರಿ. ಬೇಕಂತ ತಪ್ಪಿದ್ದಲ್ಲ ಅದು. ಆದ್ರ ಪಾಟಿ ಮ್ಯಾಲ ತಪ್ಪು ಅಂತ ಗೀಟ ಎಳೀತೀನಿ. ಎಳೀಲಿಲ್ಲಂದ್ರ ಅದು ಸರಿ ಅಂತ ಉಳೀತದ. ಮುಂದ ಕುಂತ ಹುಡುಗ ಅದನ್ನಽ ನೋಡಿ ಬರಕೋತಾನ."

ಅಮೀನರು ಎದ್ದರು. ಒಳಗೆ ಹೋಗಿ ಕಾಗದ, ದೌತಿ ತಂದು ನನ್ನ ಮುಂದಿಟ್ಟರು. ನಿಮ್ಮ ಅಕ್ಷರ ಚೆನ್ನಾಗಿದೆ ಎಂದು ಕೇಳಿದ್ದೇನೆ, ನಾನು ಹೇಳುತ್ತೇನೆ, ನೀವು ಬರೆಯಿರಿ ಎಂದರು. ಅವರು ಉರ್ದುವಿನಲ್ಲಿ ಹೇಳುತ್ತ ಹೋದರು, ನಾನು ಬರೆದೆ. ಇಂಥ ದಿನ ಇಂಥವರನ್ನು ಹಿಡಿದೆ. ಆ ಜಾಗ ನನ್ನ ಅಧಿಕಾರಕ್ಕೆ ಒಳಪಟ್ಟಿರಲಿಲ್ಲ. ಹಿಡಿದದ್ದು ತಪ್ಪು. ನನ್ನ ಜೊತೆಗಿದ್ದ ಜವಾನ ಸ್ಥಳೀಯನಾಗಿದ್ದು, ಹದ್ದು ತಿಳಿದಿದ್ದರೂ ಸಕಾಲದಲ್ಲಿ ತಿಳಿಸದ ಕಾರಣ ಈ ತಪ್ಪು ಸಂಭವಿಸಿತು.

ಬರೆದು ಮುಗಿಸಿ ಓದಿದೆ. ಅದರಲ್ಲಿ ಸುಳ್ಳು ಇರಲಿಲ್ಲ. ನಮಗೆ ಬೇಕಾದ ಸಾಲೂ ಇತ್ತು. ನಾನು ಮಸಿ ಆರಲೆಂದು ಮರಳು ಉದುರಿಸಿ ಸಹಿಗೆಂದು ಕಾಗದವನ್ನು ಅಮೀನರ ಕಡೆ ಸರಿಸಿದೆ. ಮಾಸ್ತರರು ಅದರ ಮೇಲೆ ಅಂಗೈ ಇಟ್ಟರು.

"ಇದು ಬ್ಯಾಡ್ರಿ."

"ಯಾಕ? ಇದರಿಂದ ನಿಮ್ಮ ಕೆಲಸ ಆಗತದಲ್ಲ" ಎಂದರು ಅಮೀನರು.

"ನಂದು ಆಗತದ. ಆ ಜವಾನಂದು ಹೋಗತದ. ಮೂರು ಮಕ್ಕಳು ಅವಂಗ. ಇಬ್ಬರು ನನ್ನ ಸಾಲ್ಯಾಗ ಕಲೀತಿದ್ರು. ನೀವು ಅವಂಗ ಕೇಳಿದ್ದಿಲ್ಲ, ಕೇಳಿದ್ರ ಹೇಳತಿದ್ದ."

ನಾನು ಮಾಸ್ತರರ ಕಾಲು ತುಳಿದೆ. ಆರು ತಿಂಗಳ ಅಲೆದಾಟ ಅಲ್ಲಿಗೆ ಮುಗಿಯಬಹುದಿತ್ತು. ಅವರು ನನ್ನ ಕಡೆ ನೋಡಲೂ ಇಲ್ಲ. ಜವಾನನ ಹೆಸರಿದ್ದರೆ ಆ ಕಾಗದವನ್ನು ಒಯ್ಯುವುದಿಲ್ಲ ಎಂದು ಸ್ಪಷ್ಟವಾಗಿ ಹೇಳಿ, ರುಮಾಲು ತೆಗೆದುಕೊಂಡು ಎದ್ದರು.

ಅಮೀನರು ಅವರನ್ನು ಕೂರಿಸಿದರು. ಕಾಗದವನ್ನು ನನ್ನಿಂದ ತೆಗೆದುಕೊಂಡು ಮತ್ತೊಮ್ಮೆ ಓದಿದರು. ಕೊನೆಯ ವಾಕ್ಯವನ್ನು ಹೊಡೆದುಹಾಕಿ, ಹೊಸ ಹಾಳೆ ಕೇಳಿ, ಈ ಸಲ ತಮ್ಮ ಕೈಯಿಂದಲೇ ಬರೆದರು. ಅವರ ಅಕ್ಷರ ನನ್ನದಕ್ಕಿಂತ ಒರಟು. ಜವಾನನ ಬಗ್ಗೆ ಇದ್ದ ಕಡೆ ಅವರು ಬರೆದದ್ದು ಇದು: ಹದ್ದಿನ ನಕ್ಷೆ ನನ್ನ ಠಾಣೆಯಲ್ಲೇ ಇತ್ತು. ನಾನು ಅದನ್ನು ತೆರೆದು ನೋಡಿರಲಿಲ್ಲ. ಮಾಸ್ತರರು ಕಲ್ಲು ತೋರಿಸಿದಾಗಲೂ ಹತ್ತಿರ ಹೋಗಿ ನೋಡಲಿಲ್ಲ.

ಸಹಿ ಮಾಡಿ ಕೊಟ್ಟರು. "ಇದರ ನಕಲು ಒಂದ್ ನಾನಽ ಮ್ಯಾಲ ಕಳಸ್ತೀನಿ. ಕದ್ದು ಬರಕೊಟ್ಟೆ ಅಂತ ಆಗಬಾರದು" ಎಂದರು. ಬಂಡಿಯವರೆಗೆ ಬಂದು ಕಳಿಸಿಕೊಟ್ಟರು.

ನಂತರದ್ದು ಬೇಗ ನಡೆಯಿತು. ಇನ್ಸ್‌ಪೆಕ್ಟರರು ಮಾತಿಗೆ ತಪ್ಪಲಿಲ್ಲ. ಇಪ್ಪತ್ತು ದಿನದೊಳಗೆ ಮಾಸ್ತರರನ್ನು ಅದೇ ಶಾಲೆಗೆ ಮತ್ತೆ ನೇಮಿಸಿದ ಹುಕುಂ ಬಂತು. ಬೀಗ ತೆಗೆದ ದಿನ ನಾನು ಹೋಗಿದ್ದೆ. ಹಲಗೆಯ ಮೇಲೆ ಬೇಸಿಗೆಯಲ್ಲಿ ಬರೆದ ಗುಣಾಕಾರ ಹಾಗೆಯೇ ಇತ್ತು, ಅರ್ಧದಲ್ಲಿ.

ಅಮೀನರಿಗೆ ಏನಾಯಿತು ಎಂಬುದು ಜಿಲ್ಲಾ ಕಚೇರಿಯ ಅದೇ ಗುಮಾಸ್ತರಿಂದ ತಿಳಿಯಿತು. ಆಮೇಲೆ ಆ ಕಾಗದವನ್ನು ನಾನೇ ನೋಡಿದೆ. ಅಧಿಕಾರವಿಲ್ಲದ ಜಾಗದಲ್ಲಿ ಒಬ್ಬರನ್ನು ಹಿಡಿದು ಒಂಬತ್ತು ದಿನ ಇಟ್ಟದ್ದಕ್ಕೆ ಅವರಿಂದ ಯಾರೂ ವಿವರಣೆ ಕೇಳಿರಲಿಲ್ಲ. ಮೇಲಿನವರ ಅಪ್ಪಣೆಯಿಲ್ಲದೆ ತಪ್ಪೊಪ್ಪಿಗೆ ಬರೆದುಕೊಟ್ಟದ್ದಕ್ಕೆ ಕೇಳಿದ್ದರು. ಬಡ್ತಿಯ ಪಟ್ಟಿಯಿಂದ ಹೆಸರು ತೆಗೆದಿದ್ದರು. ಕಾರಣದ ಜಾಗದಲ್ಲಿ ಬರೆದದ್ದು ಇಷ್ಟೇ: ಇಲಾಖೆಯ ಗೌರವಕ್ಕೆ ಧಕ್ಕೆ.

ಪತ್ರಿಕೆಯ ಮೇಜಿನ ಮೇಲೆ ಮುಂದೆ ಇಂಥ ಸುದ್ದಿಗಳು ಎಷ್ಟೋ ಬಂದವು. ಪೊಲೀಸರು ಕಾಯ್ದೆ ತಪ್ಪು ತಿಳಿದರೆ ಅವರನ್ನು ಹೊಣೆ ಮಾಡಬೇಕೇ ಎಂದು ಕಚೇರಿಯಲ್ಲಿ ವಾದ ನಡೆಯುತ್ತಿತ್ತು. ಕೆಲವರು ಕೆಲಸದಿಂದ ತೆಗೆಯಬೇಕು ಎನ್ನುತ್ತಿದ್ದರು. ಕೆಲವರು ಮನುಷ್ಯನಾದ ಮೇಲೆ ತಪ್ಪುತ್ತಾನೆ ಎನ್ನುತ್ತಿದ್ದರು. ಕಾಯ್ದೆ ಗೊತ್ತಿರಲಿಲ್ಲ ಎಂದು ಒಬ್ಬ ಒಕ್ಕಲಿಗ ಹೇಳಿದರೆ ಯಾವ ಕೋರ್ಟೂ ಬಿಡುವುದಿಲ್ಲ. ಕಾಯ್ದೆಯನ್ನೇ ಉದ್ಯೋಗ ಮಾಡಿಕೊಂಡವನು ಅದೇ ಮಾತು ಹೇಳಿದರೆ ಸದ್ಭಾವ ಎನ್ನುತ್ತಾರೆ. ಇದು ಸರಿಯಲ್ಲ ಎಂದು ನನಗೆ ಅನ್ನಿಸುತ್ತದೆ. ಆದರೆ ಆ ಅಮೀನರನ್ನು ಕೆಲಸದಿಂದ ತೆಗೆಯಬೇಕಿತ್ತು ಎಂದು ನಾನು ಅಂದೂ ಬಯಸಲಿಲ್ಲ. ತಪ್ಪನ್ನು ಮಾಡಿದವರ ಹೆಸರಿನಲ್ಲಿ ಬರೆಯಬೇಕು, ಕೆಟ್ಟದ್ದನ್ನು ಸರಿಪಡಿಸಬೇಕು; ಅದು ಮೊದಲು. ಅದನ್ನು ಒಬ್ಬ ಅಮೀನ ತಾನಾಗಿಯೇ ಮಾಡಿದಾಗ ಇಲಾಖೆ ಅವನನ್ನು ಹೇಗೆ ನೋಡಿಕೊಂಡಿತು ಎಂಬುದನ್ನು ಕಂಡವನಾದ್ದರಿಂದ, ಬೇರೆ ಅಮೀನರು ಯಾಕೆ ಬರೆದುಕೊಡುವುದಿಲ್ಲ ಎಂದು ನಾನು ಆಶ್ಚರ್ಯಪಡುವುದಿಲ್ಲ.

ಬಡ್ತಿಯ ಸುದ್ದಿಯನ್ನು ಮಾಸ್ತರರಿಗೆ ಹೇಳಿದವನು ನಾನೇ. ಹೇಳಬಾರದಿತ್ತೇನೋ. ಅವರು ಒಂದು ವಾರದ ನಂತರ ಪೊಲೀಸ್ ಮೇಲಧಿಕಾರಿಗಳಿಗೆ ನೇರವಾಗಿ ಒಂದು ಅರ್ಜಿ ಬರೆದರು. ತಪ್ಪಿನಿಂದ ನೊಂದವನು ನಾನು, ಅದನ್ನು ಅಮೀನರು ತಿದ್ದಿಕೊಂಡಿದ್ದಾರೆ, ನನಗೆ ಅವರ ಮೇಲೆ ದೂರಿಲ್ಲ, ಅವರ ಹೆಸರನ್ನು ಪಟ್ಟಿಗೆ ಮತ್ತೆ ಸೇರಿಸಬೇಕು ಎಂದು. ಒಂದು ಇಲಾಖೆಯ ನೌಕರ ಇನ್ನೊಂದು ಇಲಾಖೆಯ ವ್ಯವಹಾರದಲ್ಲಿ ಅರ್ಜಿ ಹಾಕುವುದು ನಿಯಮಕ್ಕೆ ವಿರುದ್ಧ. ಅರ್ಜಿಗೆ ಉತ್ತರ ಬರಲಿಲ್ಲ. ಬದಲಿಗೆ ಮಾಸ್ತರರೇ ಲಿಖಿತ ವಿವರಣೆ ಕೊಡಬೇಕೆಂಬ ಚೀಟಿ ಬಂತು.

ಅದನ್ನು ಹಿಡಿದು ಚಿತ್ತಾಪುರಕ್ಕೆ ಬಂದರು. ವಕೀಲರು ಓದಿ ನಕ್ಕರು. ಇದು ದೊಡ್ಡದೇನಲ್ಲ, ನಿಯಮ ತಿಳಿದಿರಲಿಲ್ಲ, ತಪ್ಪು ತಿಳಿವಳಿಕೆಯಿಂದ ಆಯಿತು ಎಂದು ಎರಡು ಸಾಲು ಬರೆಯಿರಿ, ಸದ್ಭಾವ ಎಂದು ಬಿಟ್ಟುಬಿಡುತ್ತಾರೆ ಎಂದರು. ನಾನು ಆ ಎರಡು ಸಾಲು ಬರೆದು ಮುಂದಿಟ್ಟೆ.

"ಗೊತ್ತಿತ್ತಲ್ಲ" ಎಂದರು ಮಾಸ್ತರರು.

"ಏನು?" ಎಂದರು ವಕೀಲರು.

"ನಿಯಮ. ಹದಿನಾರು ವರ್ಷ ನೌಕರಿ ಮಾಡೀನಿ. ಗೊತ್ತಿದ್ದೇ ಬರದೀನಿ."

ವಕೀಲರು ನಗು ನಿಲ್ಲಿಸಿದರು. ಈಗ ತಾನೇ ಸಿಕ್ಕ ಕೆಲಸ ಮತ್ತೆ ಹೋದೀತು ಎಂದು ಎಚ್ಚರಿಸಿದರು. ಮಾಸ್ತರರು ನನ್ನ ಕೈಯಿಂದ ಲೇಖನಿ ತೆಗೆದುಕೊಂಡು, ನಾನು ಬರೆದದ್ದರ ಮೇಲೆ ಒಂದು ಗೀಟು ಎಳೆದು, ಕೆಳಗೆ ಬರೆದರು: ನಿಯಮ ನನಗೆ ಗೊತ್ತಿತ್ತು. ಅಮೀನರು ನಿಜ ಬರೆದುಕೊಟ್ಟದ್ದರಿಂದ ನನ್ನ ಕೆಲಸ ಉಳಿಯಿತು. ಅವರಿಗೆ ಅದರಿಂದ ನಷ್ಟವಾಗಿದೆ ಎಂದು ತಿಳಿದ ಮೇಲೆ ಸುಮ್ಮನಿರಲು ಆಗಲಿಲ್ಲ.

ಅವರ ಕೆಲಸ ಹೋಗಲಿಲ್ಲ. ಸೇವಾ ಪುಸ್ತಕದಲ್ಲಿ ಒಂದು ತಾಕೀತು ಬರೆದರು, ಅಷ್ಟೇ. ಅಮೀನರ ಹೆಸರು ಪಟ್ಟಿಗೆ ಮತ್ತೆ ಸೇರಲಿಲ್ಲ. ಅವರು ಅಮೀನರಾಗಿಯೇ ಕೆಲಸ ಮುಗಿಸಿದರೆಂದು ಕೇಳಿದೆ. ತಾಕೀತಿನ ಚೀಟಿ ಬಂದ ದಿನ ಮಾಸ್ತರರು ಅದನ್ನು ಒಂದು ಸಲ, ಗಟ್ಟಿಯಾಗಿ, ವಾಕ್ಯ ಮುಗಿದಲ್ಲಿ ನಿಂತು ಓದಿದರಂತೆ. ಇದನ್ನೂ ನನಗೆ ಹೇಳಿದವರು ಅವರ ಹೆಂಡತಿ.